ವೇಬಿಲ್ಲಿಗೆ ಕಾಣದ ಪ್ರಯಾಣಿಕರು

ಮಾನ್ಯ ಸಂಪಾದಕರೇ,

ಬಸ್ಸಿನ ಮಾರ್ಗ, ವೇಳಾಪಟ್ಟಿ, ರಸ್ತೆಯ ಅಗಲ ಎಲ್ಲವನ್ನೂ ಇನ್ನು ಮುಂದೆ ಕೃತಕ ಬುದ್ಧಿಮತ್ತೆಯೇ ಲೆಕ್ಕ ಹಾಕಿ ಹೇಳಲಿ ಎಂಬ ಮಾತು ಈಚೆಗೆ ಹೆಚ್ಚು ಕೇಳಿಬರುತ್ತಿದೆ. ಮೈಸೂರಿನಲ್ಲಿ ಇಪ್ಪತ್ತೆಂಟು ವರ್ಷ ನಗರ ಬಸ್ಸಿನ ನಿರ್ವಾಹಕನಾಗಿದ್ದ ನನಗೆ ಈ ಮಾತು ಕೇಳಿದಾಗಲೆಲ್ಲ ಹಳೆಯ ವೇಬಿಲ್ ನೆನಪಾಗುತ್ತದೆ.

ಯಾವ ಸ್ಟೇಜಿನಲ್ಲಿ ಎಷ್ಟು ಟಿಕೆಟ್ ಹರಿದೆ, ಎಷ್ಟು ಹಣ ಬಂತು ಎಂದು ಬರೆಯಲು ಅದರಲ್ಲಿ ಜಾಗವಿತ್ತು. ಹತ್ತಲಾಗದೆ ನಿಲ್ದಾಣದಲ್ಲೇ ಉಳಿದವರನ್ನು ಬರೆಯಲು ಜಾಗವಿರಲಿಲ್ಲ. ರಿಂಗ್ ರಸ್ತೆಯಾಚೆಯ ಒಂದು ನಿಲ್ದಾಣದಲ್ಲಿ ಬೆಳಗಿನ ಮೊದಲ ಬಸ್ಸಿಗೆ ಒಬ್ಬ ಹೂವಿನಮ್ಮ ಕಾಯುತ್ತಿದ್ದರು. ಕನಕಾಂಬರದ ಬುಟ್ಟಿ, ಮೇಲೆ ಒದ್ದೆ ಬಾಳೆಎಲೆ. ಏಳಕ್ಕೆ ಮೊದಲು ದೇವರಾಜ ಮಾರುಕಟ್ಟೆ ಮುಟ್ಟದಿದ್ದರೆ ಹೂವಿಗೆ ಬೆಲೆಯಿಲ್ಲ. ಬಸ್ ಕಿಕ್ಕಿರಿದ ದಿನ, ಬುಟ್ಟಿಗೆ ಜಾಗವಿಲ್ಲವೆಂದು ನಾನೇ ರೈಟ್ ಹೇಳಿ ಹೊರಟದ್ದುಂಟು. ಕೆಲವು ತಿಂಗಳಲ್ಲಿ ಅವರು ಬಸ್ಸಿಗೆ ಕಾಯುವುದನ್ನೇ ಬಿಟ್ಟರು. ನನ್ನ ವೇಬಿಲ್ ನೋಡಿದವರಿಗೆ ಆ ನಿಲ್ದಾಣದಲ್ಲಿ ಹತ್ತುವವರೇ ಇಲ್ಲ!

ಯಂತ್ರ ಕಲಿಯುವುದೂ ಇಂಥ ಲೆಕ್ಕದಿಂದಲೇ. 2012ರಲ್ಲೇ ನಮ್ಮ ನಗರದ ಬಸ್ಸುಗಳಿಗೆ ಜಿಪಿಎಸ್ ಬಂತು. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್‌ನಲ್ಲಿ ಹೆಣ್ಣುಮಕ್ಕಳ ಓಡಾಟವೂ ದಾಖಲಾಗುತ್ತಿದೆ. ಸಂತೋಷ. ಆದರೆ ಬಸ್ಸೇ ಹೋಗದ ಬಡಾವಣೆಯಲ್ಲಿ ಟಿಕೆಟ್ ಎಲ್ಲಿಂದ ಹುಟ್ಟಬೇಕು? ಟಿಕೆಟ್ ಇಲ್ಲದ್ದರಿಂದ ಅಲ್ಲಿ ಬೇಡಿಕೆಯಿಲ್ಲ ಎನ್ನುತ್ತದೆ ಯಂತ್ರ. ಬೇಡಿಕೆಯಿಲ್ಲ ಎಂದು ಬಸ್ ಬರುವುದಿಲ್ಲ. ಮೊಬೈಲ್‌ಗಳ ಓಡಾಟ ನೋಡಿ ರಸ್ತೆ ಯೋಜಿಸಿದರೂ ಅಷ್ಟೇ, ಮೊಬೈಲ್ ಇಲ್ಲದೆ ನಡೆದು ಹೋಗುವ ಮನೆಗೆಲಸದವರು ಅದಕ್ಕೆ ಕಾಣುವುದಿಲ್ಲ.

ಅಮೆರಿಕದ ಬಾಸ್ಟನ್‌ನಲ್ಲಿ, ಕಾರಿನ ಕುಲುಕಾಟದಿಂದ ರಸ್ತೆಗುಂಡಿ ಪತ್ತೆ ಮಾಡುವ ‘ಸ್ಟ್ರೀಟ್ ಬಂಪ್’ ಎಂಬ ಆ್ಯಪ್ ತಂದರು. ಸ್ಮಾರ್ಟ್‌ಫೋನ್ ಕಡಿಮೆಯಿರುವ ಬಡವರ, ವಯಸ್ಸಾದವರ ಬೀದಿಗಳ ಗುಂಡಿ ಲೆಕ್ಕಕ್ಕೆ ಸಿಗದೆ, ಉಳ್ಳವರ ಬೀದಿಗಳೇ ದುರಸ್ತಿಯಾಗುವ ಅಪಾಯವಿತ್ತು. ಆದ್ದರಿಂದ ಎಲ್ಲ ಬೀದಿಗಳಿಗೂ ಹೋಗುವ ನಗರಾಡಳಿತದ ರಸ್ತೆ ಪರಿವೀಕ್ಷಕರ ಕೈಗೆ ಅದನ್ನು ಮೊದಲು ಕೊಟ್ಟರು. ಈ ಎಚ್ಚರ ನಮಗೂ ಬೇಕು.

ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕೆಂದು 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಹೇಳುತ್ತದೆ. ಬಸ್ ಮಾರ್ಗ ನಿರ್ಧರಿಸುವ ಕಡೆಯೂ ಬಸ್ಸಿಗೆ ಕಾಯುವವರಿಗೆ ಅಂಥ ಸ್ಥಾನ ಸಿಗಲಿ. ಯಂತ್ರದ ಪಟ್ಟಿ ಜಾರಿಗೆ ಬರುವ ಮುನ್ನ ಅದನ್ನು ವಾರ್ಡ್ ಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಲಿ. ಅದಕ್ಕೂ ಮೊದಲು ಹೂಟಗಳ್ಳಿ, ಬೋಗಾದಿ, ರಮ್ಮನಹಳ್ಳಿ, ಶ್ರೀರಾಂಪುರದ ನಿಲ್ದಾಣಗಳಲ್ಲಿ ಒಂದು ವಾರ, ಬೆಳಗಿನ ಐದರಿಂದ, ಹತ್ತದೆ ಉಳಿದವರನ್ನು ಯಾರಾದರೂ ನಿಂತು ಎಣಿಸಲಿ. ಎಣಿಸಲು ಜನ ಸಾಲದಿದ್ದರೆ ನಾನು ಬರುತ್ತೇನೆ.

– ನಿವೃತ್ತ ಬಸ್ ನಿರ್ವಾಹಕ, ಮೈಸೂರು