ನೀರು ಕುಡಿಯೋದು ಬಿಡಬೇಡ ಮಾರಾಯ

ಪ್ರೀತಿಯ ಗೆಳೆಯ,

ನಿನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ರಾತ್ರಿಯಿಡೀ ತಲೆಯಲ್ಲೇ ಇತ್ತು. "ಬೆಳಿಗ್ಗೆ ಒಂದು ಲೋಟ ಕಾಫಿ, ಊಟಕ್ಕೆ ಒಂದು ಲೋಟ ನೀರು, ಅಷ್ಟೇ. ಕುಡಿಯದಿದ್ದರೆ ಮೂತ್ರ ತೆಗೆಯೋಕೆ ಪೈಪ್ ಹಾಕೋ ಕೆಲಸವೂ ಕಮ್ಮಿ ಅಲ್ವಾ" ಅಂದೆ. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ನಿನಗಿನ್ನೂ ಆರು ತಿಂಗಳಾಗಿಲ್ಲ. ಹನ್ನೊಂದು ವರ್ಷದ ಹಿಂದೆ ನಾನೂ ಹೀಗೇ ಮಾಡಿದ್ದೆ. ಮೂತ್ರ ಮಡ್ಡಿಯಾಯಿತು, ವಾಸನೆ ಬಂತು, ಆಮೇಲೆ ಮೈ ನಡುಗಿಸುವ ಚಳಿಜ್ವರ. ಐದು ದಿನ ಆಸ್ಪತ್ರೆಯಲ್ಲಿ ಮಲಗಿದೆ.

ಕ್ಯಾಥೆಟರ್, ಅಂದರೆ ಈ ಪೈಪ್, ಹಾಕೋದು ಕಡಿಮೆ ಮಾಡಿದರೆ ಸೋಂಕೂ ಕಡಿಮೆ ಅಂತ ನಮಗೆ ಅನ್ನಿಸುತ್ತದೆ. ಹಾಗಲ್ಲ. ಮೂತ್ರಕೋಶ ತುಂಬಿ ಬಿಗಿದುಕೊಂಡರೆ ಅದರ ಗೋಡೆಗೆ ರಕ್ತ ಸರಿಯಾಗಿ ಓಡುವುದಿಲ್ಲ. ನಿಂತ ಮೂತ್ರದಲ್ಲಿ ಕ್ರಿಮಿ ಬೆಳೆಯುತ್ತದೆ. ಒತ್ತಡ ಏರಿದರೆ ಪೆಟ್ಟು ಕಿಡ್ನಿಗೇ. ಅಮೆರಿಕದ ಮಿಶಿಗನ್‌ನಲ್ಲಿ ಜಾಕ್ ಲ್ಯಾಪಿಡಿಸ್ ಅನ್ನೋ ಡಾಕ್ಟರು 1972ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಆಪರೇಷನ್ ಥಿಯೇಟರಿನ ಮಡಿ ಬೇಕಿಲ್ಲ, ಚೆನ್ನಾಗಿ ತೊಳೆದ ಕೈ, ಶುಚಿಯಾದ ಕ್ಯಾಥೆಟರ್ ಸಾಕು. ಹೊತ್ತಿಗೆ ಸರಿಯಾಗಿ ಖಾಲಿ ಮಾಡೋದು ಮುಖ್ಯ. ನೀನು, ನಾನು ಇದನ್ನು ಮನೆಯ ಬಚ್ಚಲಲ್ಲೇ ಮಾಡಿಕೊಳ್ಳುತ್ತಿದ್ದೇವೆ ಅಂದರೆ ಅದು ಅವರ ಪುಣ್ಯ.

ದಿನಕ್ಕೆ ನಾಲ್ಕರಿಂದ ಆರು ಸಲ, ಒಂದೊಂದು ಸಲಕ್ಕೂ 400-500 ಮಿಲಿ ದಾಟದ ಹಾಗೆ. ಗೆರೆ ಇರುವ ಒಂದು ಮಗ್ ಇಟ್ಟುಕೊಂಡು ಒಂದು ವಾರ ಅಳತೆ ಬರೆದಿಡು, ಡಾಕ್ಟರಿಗೆ ತೋರಿಸು. ನಿನಗೆ ಎಷ್ಟು ನೀರು, ಎಷ್ಟು ಸಲ ಅಂತ ಅವರೇ ಹೇಳುತ್ತಾರೆ.

ಪೈಪ್ ಒಳಗೆ ಹೋಗುವಾಗ ಒಂದು ಕಡೆ ತಡೆದು ನಿಲ್ಲುತ್ತದೆ, ಕೈ ನಡುಗುತ್ತದೆ ಅಂದೆಯಲ್ಲ. ಅಲ್ಲಿ ಸ್ನಾಯು ಬಿಗಿ ಹಿಡಿದಿರುತ್ತದೆ. ಒತ್ತಬೇಡ. ಕೈ ಹಾಗೇ ಇರಲಿ, ಉಸಿರು ಉದ್ದಕ್ಕೆ ಎಳೆದು ಬಿಡು, ಒಮ್ಮೆ ಮೆಲ್ಲಗೆ ಕೆಮ್ಮು. ಸಡಿಲ ಆದದ್ದು ಬೆರಳಿಗೇ ಗೊತ್ತಾಗುತ್ತದೆ. ಮೊದಲ ದಿನ ನಾನು ಬಚ್ಚಲಲ್ಲಿ ಬೆವತು ಕೂತಿದ್ದೆ. ಬಾಗಿಲಾಚೆ ಅಮ್ಮ "ಆಯ್ತಾ ಮಗಾ?" ಅಂತ ಕೇಳಿದಷ್ಟೂ ಇನ್ನಷ್ಟು ಬಿಗಿ. ಕೊನೆಗೆ ಅವರು ತೋಟಕ್ಕೆ ಹೋದ ಮೇಲೆ ಎರಡೇ ನಿಮಿಷದಲ್ಲಿ ಆಯಿತು. ಮನೆಯವರಿಗೆ ಹೇಳು, ಆ ಹೊತ್ತಲ್ಲಿ ಸುಮ್ನೆ ಬಿಟ್ಟುಬಿಡಲಿ. ಪೈಪ್ ಸಲೀಸಾಗಿ ಜಾರೋಕೆ ಜೆಲ್ಲಿ ಧಾರಾಳವಾಗಿ ಹಚ್ಚು. ಮೂತ್ರ ನಿಂತ ಕೂಡಲೇ ಎಳೆದುಬಿಡಬೇಡ, ನಿಧಾನಕ್ಕೆ ತೆಗೆ, ನಡುವೆ ಮತ್ತೆ ಬಂದರೆ ಅಲ್ಲೇ ನಿಲ್ಲಿಸು. ರಕ್ತ ಜಾಸ್ತಿ ಬಂದರೆ, ಚಳಿಜ್ವರ ಬಂದರೆ ನಾಳೆ ನೋಡೋಣ ಅನ್ನಬೇಡ, ಆವತ್ತೇ ಹೋಗು.

ಖರ್ಚಿನ ಚಿಂತೆ ನನಗೂ ಇದೆ. ಪ್ಯಾಕೆಟ್ ಮೇಲೆ ಒಂದೇ ಸಲಕ್ಕೆ ಅಂತ ಬರೆದಿರುತ್ತದೆ, ನಮ್ಮಲ್ಲಿ ಎಷ್ಟೋ ಜನ ತೊಳೆದು ಒಣಗಿಸಿ ಮತ್ತೆ ಬಳಸುತ್ತಾರೆ. ನಾಚಿಕೆ ಬಿಟ್ಟು ಇದನ್ನು ಡಾಕ್ಟರ ಹತ್ತಿರ ಕೇಳು. ಮುಚ್ಚಿಟ್ಟು ಮಾಡಬೇಡ.

ಇನ್ನು ತಂಗಿಯ ಮದುವೆಗೆ ಬರೋದಿಲ್ಲ ಅಂದೆ. ಅದನ್ನು ಮಾತ್ರ ನಾನು ಒಪ್ಪೋದಿಲ್ಲ. ಬೆಳಿಗ್ಗೆಯೇ ಛತ್ರಕ್ಕೆ ಹೋಗಿ ನೋಡಿ ಬಂದೆ. ಅಡುಗೆಮನೆಯ ಪಕ್ಕದ ರೂಮಿನಲ್ಲಿ ಕಮೋಡ್ ಇದೆ, ಮೆಟ್ಟಿಲಿಲ್ಲ, ವೀಲ್‌ಚೇರ್ ಹಿಡಿಸುತ್ತದೆ, ಚಿಲಕ ಗಟ್ಟಿಯಾಗಿದೆ. ಬೀಗದ ಕೈ ನನ್ನ ಹತ್ತಿರ ಇರುತ್ತದೆ. ನನ್ನ ಚೀಲದಲ್ಲಿ ಸೋಪು, ಜೆಲ್ಲಿ, ಟಿಶ್ಯೂ ಎಲ್ಲ ಇರುತ್ತದೆ, ನಿನ್ನ ಸೈಜಿನ ಕ್ಯಾಥೆಟರ್ ನಾಲ್ಕು ನೀನು ತಾ. ಧಾರೆಗೆ ಮೊದಲು ಒಂದು ಸಲ, ಊಟ ಆದ ಮೇಲೆ ಒಂದು ಸಲ. ಪಾಯಸ, ಮಜ್ಜಿಗೆ ಎರಡೂ ಕುಡಿ. ನಾನು ಬಾಗಿಲ ಹತ್ತಿರ ಇರುತ್ತೇನೆ, "ಆಯ್ತಾ" ಅಂತ ಕೇಳೋದಿಲ್ಲ.

ನಿನ್ನ
ಗೆಳೆಯ