ಗಾಳಿ ನಿಂತ್ಮೇಲಿನ ಕಥೆ ಯಾರೂ ಬರಿಯಲ್ಲ

ಮಾನ್ಯ ಸಂಪಾದಕರೇ,

ಚಂಡಮಾರುತ ಬಂದ ದಿನ ಪೇಪರ್ ತುಂಬಾ ಫೋಟೋ, ವಾರ ಕಳೆದ್ರೆ ಸುದ್ದೀನೇ ಇಲ್ಲ, ಅದಕ್ಕೇ ಈ ಪತ್ರ. ನಾನಿರೋದು ಫ್ಲೋರಿಡಾದ ಫೋರ್ಟ್ ಮೈಯರ್ಸ್‌ನಲ್ಲಿ. 2022ರ ಸೆಪ್ಟೆಂಬರ್ 28ಕ್ಕೆ ಇಯಾನ್ ಅನ್ನೋ ಚಂಡಮಾರುತ ಬಂತು, ಗಾಳಿ ಗಂಟೆಗೆ 240 ಕಿಮೀ, ಆದ್ರೆ ಜಾಸ್ತಿ ಜನರನ್ನ ಕೊಂದಿದ್ದು ಗಾಳಿ ಅಲ್ಲ, ನುಗ್ಗಿದ ಸಮುದ್ರ. ಇಲ್ಲೇ ಹತ್ರದ ಸ್ಯಾನಿಬೆಲ್ ದ್ವೀಪಕ್ಕೆ ಹೋಗೋ ರಸ್ತೆ ಕಿತ್ತು ಹೋಗಿತ್ತು, ಅದನ್ನ ಮೂರು ವಾರದಲ್ಲಿ ಓಡಾಡೋ ಹಾಗೆ ಮಾಡಿದ್ರು, ಅದಕ್ಕೆ ಶಹಬ್ಬಾಸ್ ಅನ್ಲೇಬೇಕು.

ನಮ್ಮನೇಲಿ ನೀರು ಮೊಣಕಾಲಿನವರೆಗೆ ಅಷ್ಟೇ. ಅಡುಗೆಮನೆ ಡ್ರಾಯರ್ ಎಳೆದ್ರೆ ಚಮಚದ ಜೊತೆ ಮರಳು, ಒಂದು ಸತ್ತ ಮೀನು. ಒಳಗೋಡೆ ಎಲ್ಲಾ ಜಿಪ್ಸಮ್ ಶೀಟು ನೋಡಿ, ನೀರು ಕುಡಿದು ಎರಡೇ ದಿನಕ್ಕೆ ಬೂಸ್ಟು ಹಿಡೀತು, ಎಲ್ಲಾ ಕೊಯ್ದು ರೋಡಿಗೆ ಹಾಕಿದ್ವಿ. ಊರಿಂದ ಅಮ್ಮ ಫೋನಲ್ಲಿ "ಒರೆಸಿ ಒಣಗಿಸಿದ್ರೆ ಆಗಲ್ವಾ ಮಗಾ" ಅಂತಿದ್ರು!

ಇನ್ಶೂರೆನ್ಸ್‌ನವ್ರು ಗಾಳಿಯಿಂದ ಆಗಿದ್ದಾದ್ರೆ ಕೊಡ್ತೀವಿ, ಪ್ರವಾಹದ ನೀರಾದ್ರೆ ಇಲ್ಲ ಅಂದ್ರು, ಅದಕ್ಕೆ ಬೇರೆ ಪಾಲಿಸಿ ಬೇಕಂತೆ, ನಾನು ಮಾಡಿಸಿರ್ಲಿಲ್ಲ, ತಪ್ಪು ನಂದೂ ಇದೆ. ಇದಕ್ಕಿಂತ ಕಷ್ಟ 50 ಪರ್ಸೆಂಟ್ ರೂಲು. ಪ್ರವಾಹದ ಜಾಗದಲ್ಲಿ ರಿಪೇರಿ ಖರ್ಚು ಕಟ್ಟಡದ ಬೆಲೆಯ ಅರ್ಧ ಮುಟ್ಟಿದ್ರೆ ಮನೇನ ಹೊಸ ನಿಯಮದ ಪ್ರಕಾರ ಎತ್ತರಿಸಿಯೇ ಕಟ್ಬೇಕು. ಪೆನ್ಷನ್‌ನಲ್ಲಿ ಬದುಕೋ ವಯಸ್ಸಾದವ್ರು ಎಲ್ಲಿಂದ ತರ್ತಾರೆ ಅಷ್ಟು ದುಡ್ಡು? ನಮ್ಮ ಪಕ್ಕದ ಮನೆ ಅಜ್ಜಿ ಬರೀ ಸೈಟ್ ಬೆಲೆಗೆ ಮಾರಿ ಮಗಳ ಊರಿಗೆ ಹೋದ್ರು, ಅವರ ನಿಂಬೆಗಿಡಕ್ಕೆ ಈಗ್ಲೂ ನಾನೇ ನೀರು ಹಾಕ್ತಿದೀನಿ.

— ಫೋರ್ಟ್ ಮೈಯರ್ಸ್‌ನಿಂದ ಒಬ್ಬ ಓದುಗ