‘ಇದು ನಮ್ಮನೆಯಲ್ಲ’ ಎಂದರೆ ಹಟವಲ್ಲ

ಮಾನ್ಯ ಸಂಪಾದಕರೇ,

ಲಕ್ವ ಹೊಡೆದೋ ತಲೆಗೆ ಪೆಟ್ಟು ಬಿದ್ದೋ ಆಸ್ಪತ್ರೆ ಸೇರಿ ಮನೆಗೆ ಮರಳಿದ ಹಿರಿಯರು ಅಪರೂಪಕ್ಕೆ ಹೀಗೆ ಹೇಳುವುದುಂಟು: ‘ಗಡಿಯಾರ, ದೇವರ ಮಂಟಪ, ಕಿಟಕಿ ಎಲ್ಲ ನಮ್ಮನೇದರ ಥರಾನೇ ಇದೆ. ಆದರೆ ಇದು ನಮ್ಮನೆಯಲ್ಲ, ಅದೇ ಥರ ಇನ್ನೊಂದು ಕಟ್ಟಿಸಿದ್ದಾರೆ.’ ಮಕ್ಕಳನ್ನು ಗುರುತಿಸುತ್ತಾರೆ, ಹಳೆಯದೆಲ್ಲ ನೆನಪಿರುತ್ತದೆ. ಹಾಗಾಗಿ ಮನೆಯವರು ಹಟ ಎನ್ನುತ್ತಾರೆ, ಇಲ್ಲವೇ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತಾರೆ.

ಇದರ ಹೆಸರು ರಿಡುಪ್ಲಿಕೇಟಿವ್ ಪ್ಯಾರಾಮ್ನೀಸಿಯಾ. 1903ರಲ್ಲಿ ಪ್ರಾಗ್‌ನ ವೈದ್ಯ ಆರ್ನಾಲ್ಡ್ ಪಿಕ್ ಇದನ್ನು ವಿವರಿಸಿದರು. ಅವರ ರೋಗಿಯೊಬ್ಬರು ತಮ್ಮನ್ನು ಅಂಥದೇ ಬೇರೊಂದು ಆಸ್ಪತ್ರೆಗೆ ಸಾಗಿಸಲಾಗಿದೆ ಎನ್ನುತ್ತಿದ್ದರು. ಅದೇ ವೈದ್ಯರು ಇಲ್ಲೂ ಇದ್ದಾರಲ್ಲ ಎಂದರೆ, ಅವರು ಎರಡೂ ಕಡೆ ಕೆಲಸ ಮಾಡುತ್ತಾರೆ ಎಂಬ ಉತ್ತರ ಸಿದ್ಧವಿತ್ತು. ಹೆಚ್ಚಾಗಿ ಪೆಟ್ಟಾಗಿರುವುದು ಮಿದುಳಿನ ಬಲಭಾಗ ಮತ್ತು ಮುಂಭಾಗಕ್ಕೆ. ಕಣ್ಣಿಗೆ ಕಂಡದ್ದಕ್ಕೆ ‘ಇದು ನನ್ನದು’ ಎಂಬ ಪರಿಚಯದ ಭಾವ ಕೂಡಿಕೊಳ್ಳುವುದಿಲ್ಲ, ‘ಹೀಗಿರಲು ಸಾಧ್ಯವೇ’ ಎಂದು ಪರೀಕ್ಷಿಸುವ ಶಕ್ತಿಯೂ ಕುಂದಿರುತ್ತದೆ. ಆದ್ದರಿಂದ ವಾದ ಮಾಡಿ ಗೆಲ್ಲಲಾಗದು. ಮನೆಪತ್ರ ತೋರಿಸಿದರೆ ಅದೂ ನಕಲು ಎನ್ನಬಹುದು.

ಈ ಮಾತು ದಿಢೀರನೆ ಶುರುವಾದರೆ ತಡಮಾಡಬೇಡಿ. ಜೊತೆಗೆ ಬಾಯಿ ಸೊಟ್ಟಗಾಗಿದ್ದರೆ, ಎಡಗೈ ಸೋತಿದ್ದರೆ ಅದು ಲಕ್ವವೇ ಇರಬಹುದು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಎರಡು ಮೂರು ವಾರದ ಹಿಂದೆ ಬಚ್ಚಲಲ್ಲಿ ಜಾರಿದ್ದರೂ ವೈದ್ಯರಿಗೆ ತಿಳಿಸಿ. ಆಗ ಏನೂ ಆಗಿಲ್ಲವೆನಿಸಿದರೂ ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಶೇಖರವಾಗಿರಬಹುದು, ಸಿ.ಟಿ. ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಗಳಿಗೆಗೊಂದು ಥರ ಮಂಕಾಗುತ್ತಿದ್ದರೆ ರಕ್ತದ ಸಕ್ಕರೆ, ಸೋಡಿಯಂ (ಉಪ್ಪಿನಂಶ), ಮೂತ್ರದ ಸೋಂಕು ನೋಡಿಸಬೇಕು. ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಲ್ಲಿ ಸೋಡಿಯಂ ಇಳಿಯುವುದು ಅಪರೂಪವೇನಲ್ಲ.

ಮನೆಯಲ್ಲಿ ‘ಇದು ಯಾರ ಮನೆ ಹೇಳಿ?’ ಎಂದು ಪದೇಪದೇ ಪರೀಕ್ಷೆ ಮಾಡಬೇಡಿ. ‘ಆಯ್ತು ಅಪ್ಪಾ, ಊಟ ಮಾಡೋಣ ಬನ್ನಿ’ ಎಂದರೆ ಸಾಕು. ಮಂಚದ ಜಾಗ ಬದಲಿಸದಿರಿ, ಕನ್ನಡಕ ಕೈಗೆಟುಕುವಂತಿರಲಿ, ರಾತ್ರಿ ಸಣ್ಣ ದೀಪ ಉರಿಯಲಿ. ಮುಸ್ಸಂಜೆಗೆ ‘ಮನೆಗೆ ಹೋಗ್ತೀನಿ’ ಎಂದು ಹೊರಟುಬಿಡುವುದೇ ದೊಡ್ಡ ಅಪಾಯ. ಅಂಗಿ ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇರಲೇಬೇಕು. ವೈದ್ಯರನ್ನು ಕೇಳದೆ ನಿದ್ರೆ ಮಾತ್ರೆ ಕೊಟ್ಟರೆ ಗೊಂದಲವೂ ಹೆಚ್ಚುತ್ತದೆ, ಬೀಳುವುದೂ ಹೆಚ್ಚುತ್ತದೆ.

ಲಕ್ವ ಅಥವಾ ಪೆಟ್ಟಿನಿಂದ ಬಂದದ್ದು ಎಷ್ಟೋ ಸಲ ಕೆಲವು ವಾರಗಳಲ್ಲಿ ತಿಳಿಯಾಗುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ, ಇಂಥ ಮಾತು ಕೇಳಿಬಂದರೆ ಕೂಡಲೇ ಕರೆತನ್ನಿ ಎಂಬ ಒಂದು ಸಾಲನ್ನು ಕನ್ನಡದಲ್ಲಿ ಸೇರಿಸಬೇಕೆಂದು ಜಿಲ್ಲಾ ಆಸ್ಪತ್ರೆಗಳನ್ನು ಕೇಳಿಕೊಳ್ಳುತ್ತೇನೆ.

– ನರರೋಗ ವಾರ್ಡಿನ ಶುಶ್ರೂಷಕಿ, ದಾವಣಗೆರೆ